ಅಂಕವೇ ಅಭಿಪ್ರಾಯವಲ್ಲ

ಜರ್ಮನಿಯ ನಮ್ಮ ಊರಿಗೆ ಕನ್ನಡ ಸಿನಿಮಾ ಬರುವುದೆಂದರೆ ಸಾಮಾನ್ಯವಾಗಿ ಒಂದು ಭಾನುವಾರ, ಒಂದೇ ಪ್ರದರ್ಶನ. ಅದಕ್ಕಾಗಿ ನಾಲ್ಕಾರು ಗೆಳೆಯರು ವಾರಗಟ್ಟಲೆ ಓಡಾಡಿ, ಚಿತ್ರಮಂದಿರದವರನ್ನು ಒಪ್ಪಿಸಿ, ಟಿಕೆಟ್ ಮಾರಿ, ಕೊನೆಗೆ ಕೈಯಿಂದ ಹಣ ಹೋಗದಿದ್ದರೆ ಸಾಕು ಎಂದುಕೊಳ್ಳುತ್ತಾರೆ. ಅಂಥದೊಂದು ಪ್ರದರ್ಶನ ಮುಗಿಸಿ ಬಂದ ರಾತ್ರಿ ನಾನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮೂರು ಸಾಲು ಬರೆದೆ. ಮೊದಲರ್ಧ ಹಿಡಿದು ಕೂರಿಸಿತು, ಛಾಯಾಗ್ರಹಣ ಸೊಗಸಾಗಿದೆ, ಆದರೆ ದ್ವಿತೀಯಾರ್ಧದಲ್ಲಿ ನಾಯಕಿ ಕತೆಯಿಂದಲೇ ಕಾಣೆಯಾಗುವುದರಿಂದ ನಾಯಕನ ಸೇಡಿಗೆ ಬುಡವೇ ಇಲ್ಲದಂತಾಗಿದೆ.

ಹತ್ತು ನಿಮಿಷದಲ್ಲಿ ಉತ್ತರ ಬಂತು. "ಮೇಡಂ, ಹೊರದೇಶದಲ್ಲಿ ಕನ್ನಡ ಸಿನಿಮಾ ಓಡೋದೇ ಕಷ್ಟ. ಓದಿದ ನೀವೇ ಹೀಗೆ ಬರೆದ್ರೆ ಹೇಗೆ?" ಅದರ ಬೆನ್ನಿಗೇ ಇನ್ನೊಬ್ಬರು ಒಂದು ಕೊಂಡಿ ಕಳಿಸಿದರು: "ಎಲ್ಲರೂ ಇಲ್ಲಿ ಹೋಗಿ ಹತ್ತಕ್ಕೆ ಹತ್ತು ಕೊಟ್ಟು ಬನ್ನಿ. ಬೇರೆ ಭಾಷೆಯವರು ಬೇಕಂತಲೇ ಒಂದೊಂದು ಅಂಕ ಕೊಡ್ತಿದ್ದಾರೆ." ಮರುದಿನದ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ಮಂದಿ ಅಂಕ ಕೊಟ್ಟು ಬಂದುದಾಗಿ ತಿಳಿಸಿದ್ದರು. ಅವರಲ್ಲಿ ಕೆಲವರು ಸಿನಿಮಾ ನೋಡಿಯೇ ಇರಲಿಲ್ಲ. ಇಷ್ಟೂ ಹೊತ್ತು ಯಾರೂ ನನ್ನ ಮಾತು ಸರಿಯೋ ತಪ್ಪೋ ಎಂದು ಕೇಳಲಿಲ್ಲ. ನಾಯಕಿ ಕಾಣೆಯಾದದ್ದು ನಿಮಗೆ ಸರಿಯೆನಿಸಿತೇ ಎಂದು ನಾನು ಕೇಳಿದ ಪ್ರಶ್ನೆ ಈ ಹೊತ್ತಿಗೂ ಹಾಗೆಯೇ ಬಿದ್ದಿದೆ.

ಆ ಗೆಳೆಯರ ಕಳಕಳಿಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಪ್ರದರ್ಶನಕ್ಕಾಗಿ ಓಡಾಡಿದವರು ಅವರೇ. ಆದರೆ ಅಂದು ನಮ್ಮ ಗುಂಪಿನಲ್ಲಿ ಆದದ್ದು ಇಂದು ಜಗತ್ತಿನ ಎಲ್ಲ ಬಗೆಯ ಪ್ರೇಕ್ಷಕ ಸಮುದಾಯಗಳಲ್ಲೂ ಆಗುತ್ತಿದೆ. ಅಭಿಮಾನಿಯ ಅಭಿಪ್ರಾಯವೆಂಬುದು ಕಾರಣಗಳನ್ನು ಕಳಚಿಕೊಂಡು ಬರಿಯ ಅಂಕವಾಗುತ್ತಿದೆ. ಅಂಕವಾದ ಮೇಲೆ ಅದು ಆಯುಧವಾಗುತ್ತಿದೆ.

ಕನ್ನಡದಲ್ಲಿ ನಮಗೆ ದೊರೆತಿರುವ ಪದವೇ ಈ ಇಕ್ಕಟ್ಟನ್ನು ಒಳಗಿಟ್ಟುಕೊಂಡಿದೆ. ‘ಅಭಿಮಾನ’ ಎಂದರೆ ನಮಗೆ ಪ್ರೀತಿ, ಗೌರವ, ಹೆಮ್ಮೆ. ರಾಜ್‌ಕುಮಾರ್ ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದಾಗ ಆ ಪದಕ್ಕೆ ಇನ್ನೂ ಎತ್ತರದ ಅರ್ಥ ಬಂತು: ಕಲಾವಿದನಿಗಿಂತ ನೋಡುವವನೇ ದೊಡ್ಡವನು ಎಂಬ ವಿನಯ ಅದರಲ್ಲಿತ್ತು. ಆದರೆ ಸಾಂಖ್ಯ ದರ್ಶನದಲ್ಲಿ ಅಹಂಕಾರದ ಲಕ್ಷಣವನ್ನು ಹೇಳಲು ಬಳಸುವ ಪದವೂ ಅಭಿಮಾನವೇ; ‘ಇದು ನಾನು, ಇದು ನನ್ನದು’ ಎಂಬ ಭಾವ. ಪ್ರೀತಿಯ ಅಭಿಮಾನ ಕೃತಿಯ ಕಡೆಗೆ ನೋಡುತ್ತದೆ. ‘ನನ್ನದು’ ಎಂಬ ಅಭಿಮಾನಕ್ಕೆ ಕೃತಿ ನೆಪ ಮಾತ್ರ, ಅದು ಕಾಯುವುದು ತನ್ನನ್ನೇ. ಆ ಸಿನಿಮಾದ ಕುರಿತು ಆಡಿದ ಮಾತು ತನ್ನ ಮೇಲೆಯೇ ಬಿದ್ದ ಏಟೆಂದು ಅದಕ್ಕೆ ತೋರುತ್ತದೆ.

ಈ ‘ನನ್ನದು’ ಎಂಬ ಭಾವಕ್ಕೆ ಯಂತ್ರದ ಬಲ ದೊರೆತಾಗ ಏನಾಗುತ್ತದೆಂಬುದನ್ನು ಕಳೆದ ಕೆಲವು ವರ್ಷಗಳಲ್ಲಿ ಕಂಡಿದ್ದೇವೆ. 2019ರ ಆರಂಭದಲ್ಲಿ, ‘ಕ್ಯಾಪ್ಟನ್ ಮಾರ್ವೆಲ್’ ತೆರೆಗೆ ಬರುವ ಮುನ್ನವೇ ಅದರ ವಿರುದ್ಧ ಪ್ರತಿಕೂಲ ಮತಗಳು ಹರಿದು ಬಂದವು. ಹೆಣ್ಣೊಬ್ಬಳು ಮುಖ್ಯಪಾತ್ರದಲ್ಲಿರುವುದೇ ಅನೇಕರ ಆಕ್ಷೇಪವಾಗಿತ್ತು. ಆ ಹೊತ್ತಿನಲ್ಲೇ ರಾಟನ್ ಟೊಮೇಟೋಸ್ ತಾಣವು ಬಿಡುಗಡೆಗೆ ಮೊದಲು ಪ್ರೇಕ್ಷಕರು ಟಿಪ್ಪಣಿ ಬರೆಯುವ ಅವಕಾಶವನ್ನೇ ತೆಗೆದುಹಾಕಿತು. 2022ರಲ್ಲಿ ‘ದ ರಿಂಗ್ಸ್ ಆಫ್ ಪವರ್’ ಧಾರಾವಾಹಿ ಬಂದಾಗ ಅಮೆಜಾನ್ ಪ್ರೇಕ್ಷಕ ವಿಮರ್ಶೆಗಳನ್ನು 72 ಗಂಟೆಗಳ ಕಾಲ ತಡೆಹಿಡಿದು ಪರಿಶೀಲಿಸಿತು. ಟೋಲ್ಕಿನ್ನನ ಲೋಕದಲ್ಲಿ ಕಪ್ಪು ವರ್ಣದ ನಟರು ಕಾಣಿಸಿಕೊಂಡದ್ದು ಅಲ್ಲಿ ಹಲವರ ಸಿಟ್ಟಿಗೆ ಕಾರಣವಾಗಿತ್ತು. 2023ರ ಜನವರಿಯಲ್ಲಿ ‘ದ ಲಾಸ್ಟ್ ಆಫ್ ಅಸ್’ ಧಾರಾವಾಹಿಯ ಮೂರನೆಯ ಕಂತು ಇಬ್ಬರು ಗಂಡಸರು ಜೊತೆಯಾಗಿ ಬಾಳಿ ಮುಪ್ಪಾಗುವ ಕತೆಯನ್ನು ಹೇಳಿತು. ವಿಮರ್ಶಕರು ಬಹುವಾಗಿ ಮೆಚ್ಚಿದ ಆ ಕಂತಿಗೆ ಒಂದೊಂದೇ ಅಂಕ ಕೊಟ್ಟು ಹೋದವರ ಸಂಖ್ಯೆಯೂ ದೊಡ್ಡದಿತ್ತು.

ಅಂಕದ ಒಂದು ಅನುಕೂಲವೆಂದರೆ ಅದು ಕಾರಣ ಕೇಳುವುದಿಲ್ಲ. ‘ಚಿತ್ರಕತೆ ಸಡಿಲವಾಗಿದೆ’ ಎಂದು ಕೊಟ್ಟ ಒಂದು ಅಂಕಕ್ಕೂ ‘ಇಂಥವರು ತೆರೆಯ ಮೇಲೆ ಬರಕೂಡದು’ ಎಂದು ಕೊಟ್ಟ ಒಂದು ಅಂಕಕ್ಕೂ ವ್ಯತ್ಯಾಸವೇ ಕಾಣದು. ಬಾಯಿಬಿಟ್ಟು ಹೇಳಲು ನಾಚಬೇಕಾದ ಕಾರಣಗಳಿಗೆ ಅಂಕ ಒಳ್ಳೆಯ ಮರೆ. ಅರ್ಧದಷ್ಟು ಜನ ಹತ್ತು, ಇನ್ನರ್ಧ ಜನ ಒಂದು ಕೊಟ್ಟರೆ ಸರಾಸರಿ ಐದೂವರೆ ಬರುತ್ತದೆ. ಎಲ್ಲರಿಗೂ ಅಷ್ಟಕ್ಕಷ್ಟೇ ಎನಿಸಿದ ಸಾಧಾರಣ ಸಿನಿಮಾಕ್ಕೂ ಅದೇ ಐದೂವರೆ. ಒಂದು ಸಮಾಜವನ್ನು ನಡುವೆ ಸೀಳಿದ ಕೃತಿಯನ್ನೂ ಯಾರನ್ನೂ ತಟ್ಟದ ಕೃತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಲೆಕ್ಕವಿದು.

ಮತ್ತು ಈ ಆಯುಧದ ಏಟು ಬೀಳುವುದು ಬಹುಪಾಲು ದುರ್ಬಲರ ಮೇಲೆ. ‘ಸ್ಟಾರ್ ವಾರ್ಸ್’ ಸರಣಿಯ 2017ರ ಚಿತ್ರದಲ್ಲಿ ಪ್ರಮುಖ ಪಾತ್ರ ವಹಿಸಿದ ಕೆಲ್ಲಿ ಮೇರಿ ಟ್ರಾನ್ ವಿಯೆಟ್ನಾಂನಿಂದ ಬಂದ ಕುಟುಂಬದ ಮಗಳು. ಪಾತ್ರ ಹಿಡಿಸದವರು ಪಾತ್ರವನ್ನು ಬರೆದವರನ್ನು ಕೇಳಬಹುದಿತ್ತು. ಆದರೆ ನಟಿಯ ಜನಾಂಗವನ್ನೂ ದೇಹವನ್ನೂ ಹಂಗಿಸುವ ಮಾತುಗಳು ತಿಂಗಳುಗಟ್ಟಲೆ ಬಂದವು. 2018ರಲ್ಲಿ ಆಕೆ ತಮ್ಮ ಇನ್‌ಸ್ಟಾಗ್ರಾಂ ಖಾತೆಯಲ್ಲಿದ್ದುದನ್ನೆಲ್ಲ ಅಳಿಸಿದರು. ಆ ವರ್ಷದ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ಲೇಖನದಲ್ಲಿ, ಬಾಲ್ಯದಿಂದಲೂ ತಮಗೆ ಕಲಿಸಲಾಗಿದ್ದ ಕೀಳರಿಮೆಯನ್ನೇ ಆ ಮಾತುಗಳು ಗಟ್ಟಿಗೊಳಿಸಿದ ಬಗೆಯನ್ನು ಅವರು ವಿವರಿಸಿದರು. ವಲಸೆ ಬಂದು ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಆ ಲೇಖನ ದೂರದ್ದೆನಿಸಬಾರದು.

ಹಾಗೆಂದು ಈ ರೋಗಕ್ಕೆ ಚಿತ್ರೋದ್ಯಮ ಸೂಚಿಸುತ್ತಿರುವ ಮದ್ದನ್ನು ಒಪ್ಪಬೇಕೆ? 2023ರ ಅಕ್ಟೋಬರ್‌ನಲ್ಲಿ ಕೇರಳದಲ್ಲಿ ಮಲಯಾಳಂ ಚಿತ್ರವೊಂದರ ವಿರುದ್ಧ ಬೇಕೆಂದೇ ಕೆಟ್ಟ ವಿಮರ್ಶೆ ಹರಡಿದರೆಂದು ಪೊಲೀಸರು ಪ್ರಕರಣ ದಾಖಲಿಸಿದರು. 2024ರಲ್ಲಿ ಅಲ್ಲಿನ ಹೈಕೋರ್ಟ್‌ಗೆ ಸಲ್ಲಿಕೆಯಾದ ವರದಿಯೊಂದು, ಬಿಡುಗಡೆಯಾಗಿ 48 ಗಂಟೆ ಕಳೆಯುವವರೆಗೆ ವ್ಲಾಗರ್‌ಗಳು ವಿಮರ್ಶೆ ಮಾಡದಿರಲೆಂದು ಸೂಚಿಸಿತು. ಅದೇ ವರ್ಷದ ಕೊನೆಗೆ ತಮಿಳು ನಿರ್ಮಾಪಕರ ಸಂಘ ಮೊದಲ ಮೂರು ದಿನ ವಿಮರ್ಶೆಗಳನ್ನು ತಡೆಯಬೇಕೆಂದು ಮದ್ರಾಸ್ ಹೈಕೋರ್ಟ್‌ಗೆ ಹೋಯಿತು. ವಿಮರ್ಶೆ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ನ್ಯಾಯಾಲಯ ತಡೆ ನೀಡಲು ನಿರಾಕರಿಸಿತು. ನಿರಾಕರಿಸಿದ್ದು ಸರಿಯೇ. ಮೊದಲ ದಿನದ ಮೊದಲ ಪ್ರದರ್ಶನಕ್ಕೆ ನೂಕುನುಗ್ಗಲು ಬೇಕು, ಕಟೌಟಿಗೆ ಹಾಲಿನ ಅಭಿಷೇಕ ಬೇಕು, ಅಭಿಮಾನಿಯ ಗಂಟಲು ಹರಿಯುವಷ್ಟು ಜೈಕಾರ ಬೇಕು. ಆದರೆ ಅದೇ ಅಭಿಮಾನಿ ಹೊರಬಂದು ‘ಚೆನ್ನಾಗಿಲ್ಲ’ ಎಂದರೆ ಎರಡು ದಿನ ಬಾಯಿ ಮುಚ್ಚಿಕೊಂಡಿರಬೇಕು! ಹಾಲು ಸುರಿಯುವವನನ್ನು ದೇವರೆಂದು ಕರೆದು, ಮಾತನಾಡುವವನನ್ನು ಅಪರಾಧಿಯೆಂದು ಕರೆಯುವ ಈ ನಿಲುವಿನಲ್ಲಿ ಕಲೆಯ ಕಾಳಜಿ ನನಗೆ ಕಾಣುತ್ತಿಲ್ಲ. ಮೊದಲ ವಾರಾಂತ್ಯದ ಗಳಿಕೆಯ ಕಾಳಜಿ ಮಾತ್ರ ಕಾಣುತ್ತಿದೆ.

ಅಭಿಮಾನಿಗಳು ಮಾತನಾಡುವುದನ್ನು ಕಲಿತರೆ ಏನಾಗಬಹುದೆಂಬುದಕ್ಕೆ ಜಪಾನಿನ ಒಂದು ಉದಾಹರಣೆ ಇದೆ. ಹಾಜಿಮೆ ಇಸಾಯಾಮಾ ಅವರ ‘ಅಟ್ಯಾಕ್ ಆನ್ ಟೈಟನ್’ ಎಂಬ ಮಾಂಗಾ ಸರಣಿ 2009ರಲ್ಲಿ ಆರಂಭವಾಗಿ 2021ರ ಏಪ್ರಿಲ್‌ನಲ್ಲಿ ಮುಗಿಯಿತು. ಗೋಡೆಗಳ ಒಳಗೆ ಬಂದಿಯಾಗಿ ಬೆಳೆದ ಎರೆನ್ ಎಂಬ ಹುಡುಗ ಕೊನೆಗೆ ತನ್ನವರ ಉಳಿವಿನ ಹೆಸರಿನಲ್ಲಿ ಮನುಕುಲದ ಶೇಕಡಾ 80ರಷ್ಟನ್ನು ತುಳಿದು ನಾಶಮಾಡುವ ಕತೆ ಅದು. ಕೊನೆಯ ಅಧ್ಯಾಯದಲ್ಲಿ ಅವನ ಆಪ್ತಮಿತ್ರ ಆರ್ಮಿನ್ ಅವನಿಗೆ ಕೃತಜ್ಞತೆ ಹೇಳುವ ಒಂದು ಮಾತಿತ್ತು. ಇದು ನರಮೇಧಕ್ಕೆ ಹೇಳಿದ ಕೃತಜ್ಞತೆಯಲ್ಲವೇ ಎಂದು ಓದುಗರು ಕೇಳಿದರು. ಅಲ್ಲೂ ಬೈಗುಳಗಳಿದ್ದವು, ಅಂಕಗಳ ಕಾಳಗವಿತ್ತು. ಆದರೆ ಅದರ ಜೊತೆಗೇ, ಪುಟಪುಟವನ್ನೂ ಎದುರಿಗಿಟ್ಟುಕೊಂಡು ರಾಷ್ಟ್ರೀಯತೆ, ಸೇಡು, ತಲೆಮಾರುಗಳ ಹೊಣೆ ಎಂಬ ವಿಷಯಗಳ ಮೇಲೆ ನಡೆದ ಗಂಭೀರ ವಾದವೂ ಇತ್ತು. 2023ರ ನವೆಂಬರ್‌ನಲ್ಲಿ ಅನಿಮೆಯ ಕೊನೆಯ ಭಾಗ ಬಂದಾಗ ಕತೆಯ ಅಂತ್ಯ ಬದಲಾಗಿರಲಿಲ್ಲ. ಆ ಸಂಭಾಷಣೆ ಬದಲಾಗಿತ್ತು. ಅಲ್ಲಿ ಆರ್ಮಿನ್ ಎರೆನ್‌ನ ಪಾಪದಲ್ಲಿ ತನ್ನ ಪಾಲನ್ನೂ ಒಪ್ಪಿಕೊಳ್ಳುತ್ತಾನೆ, ನರಕಕ್ಕೂ ಜೊತೆಗೇ ಹೋಗುವೆನೆನ್ನುತ್ತಾನೆ. ಆ ಎರಡು ರೂಪಗಳ ನಡುವೆ ಎರಡೂವರೆ ವರ್ಷಗಳ ವಾದವಿತ್ತು. ಒಂದಂಕಿ ಕೊಟ್ಟು ಹೋದವನಿಂದ ಯಾವ ಲೇಖಕನೂ ಯಾವ ಸಾಲನ್ನೂ ತಿದ್ದಲಾರ. ‘ಈ ಮಾತು ಇಲ್ಲಿ ಏಕೆ ನೋಯಿಸುತ್ತದೆ’ ಎಂದು ಹೇಳಿದವನ ಜೊತೆ ಲೇಖಕ ಮನಸ್ಸಿನಲ್ಲಾದರೂ ಮಾತಿಗಿಳಿಯಬೇಕಾಗುತ್ತದೆ.

ಇಂಥ ಓದುಗರನ್ನು ಗುರುತಿಸುವಲ್ಲಿ ಪ್ರಗತಿಪರರಾದ ನಾವೂ ಸೋತಿದ್ದೇವೆ. ಅಭಿಮಾನಿ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕುರುಡು ಭಕ್ತ. ಅವನಿಗೆದುರಾಗಿ ನಾವು ಕಾವ್ಯಮೀಮಾಂಸೆಯ ‘ಸಹೃದಯ’ನನ್ನು ನಿಲ್ಲಿಸುತ್ತೇವೆ. ಆದರೆ ಆ ಸಹೃದಯನಾಗಲು ಓದು, ಬಿಡುವು, ಸಂಸ್ಕಾರ ಎಲ್ಲವೂ ಬೇಕಿತ್ತು. ಅವು ಯಾರ ಪಾಲಿಗೆ ದೊರೆಯುತ್ತಿದ್ದವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಟೆಂಟ್ ಸಿನಿಮಾದ ನೆಲದ ಮೇಲೆ ಕೂತು, ಮನೆಗೆ ಮರಳಿ ಚಿತ್ರಪತ್ರಿಕೆಗೆ ಅಂಚೆ ಕಾರ್ಡಿನಲ್ಲಿ ತನ್ನ ಮೆಚ್ಚುಗೆಯನ್ನೋ ತಕರಾರನ್ನೋ ಬರೆದ ಅಭಿಮಾನಿಗೆ ಯಾವ ಶಾಸ್ತ್ರವೂ ಅಧಿಕಾರ ಕೊಟ್ಟಿರಲಿಲ್ಲ. ಅವನು ಅದನ್ನು ತಾನೇ ತೆಗೆದುಕೊಂಡ. ಆ ಅಧಿಕಾರವನ್ನು ಮತ್ತೆ ಪಂಡಿತರ ಕೈಗೊಪ್ಪಿಸುವುದು ಪರಿಹಾರವಲ್ಲ. ಆ ಅಂಚೆ ಕಾರ್ಡಿನಲ್ಲಿ ಹತ್ತು ಸಾಲಿಗೆ ಜಾಗವಿತ್ತು ಮತ್ತು ಕೆಳಗೆ ಬರೆದವನ ಹೆಸರು, ಊರು ಇತ್ತು ಎಂಬುದನ್ನು ನೆನಪಿಡಬೇಕಷ್ಟೆ.

ಕನ್ನಡದ ಪ್ರೇಕ್ಷಕರು ಕಾರಣ ಕೊಟ್ಟು ವಾದಿಸಿ ಗೆದ್ದ ಪ್ರಸಂಗವೂ ನಮ್ಮೆದುರಿಗಿದೆ. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ನಿಲುವಿಗೆ ಅದು ಹುಟ್ಟಿದ ಕಾಲದಲ್ಲಿ ಕಾರಣಗಳಿದ್ದವು. ಎಳೆಯ ಉದ್ಯಮವೊಂದನ್ನು, ಅದರ ಕಲಾವಿದರನ್ನು, ಕಾರ್ಮಿಕರನ್ನು ಉಳಿಸಿಕೊಳ್ಳಬೇಕಿತ್ತು. ಆದರೆ ಅದು ದಶಕಗಳ ಕಾಲ ಪ್ರಶ್ನಿಸಲಾಗದ ಕಟ್ಟಳೆಯಾಗಿ ಉಳಿದಾಗ, ಕನ್ನಡ ಗ್ರಾಹಕರ ಕೂಟದವರು ಅದನ್ನು ಸ್ಪರ್ಧಾ ಆಯೋಗದ ಮುಂದೆ ಪ್ರಶ್ನಿಸಿದರು. ತಮ್ಮ ಭಾಷೆಯಲ್ಲೇ ನೋಡುವುದು ನೋಡುಗರ ಹಕ್ಕು ಎಂಬುದು ಅವರ ವಾದವಾಗಿತ್ತು. ಅವರನ್ನು ಕನ್ನಡದ್ರೋಹಿಗಳೆಂದು ಕರೆದವರಿಗೆ ಕೊರತೆಯಿರಲಿಲ್ಲ. 2015ರಲ್ಲಿ ಆಯೋಗ ಡಬ್ಬಿಂಗ್ ತಡೆಯನ್ನು ಸ್ಪರ್ಧಾ ವಿರೋಧಿಯೆಂದು ಘೋಷಿಸಿತು.

ಆ ಕೆಲಸ ಇನ್ನೂ ಮುಗಿದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಎಂಬ ಅನಿಮೆ ಚಿತ್ರ ಭಾರತದಲ್ಲಿ ಜಪಾನಿ ಮತ್ತು ಇಂಗ್ಲಿಷ್‌ನ ಜೊತೆಗೆ ಹಿಂದಿ, ತಮಿಳು, ತೆಲುಗುಗಳಲ್ಲಿ ತೆರೆಕಂಡಿತು. ಕನ್ನಡದಲ್ಲಿ ಬರಲಿಲ್ಲ. ಇಲ್ಲಿ ಜರ್ಮನಿಯಲ್ಲಿ ಮಕ್ಕಳು ಅನಿಮೆಯನ್ನು ಸಹಜವಾಗಿ ಜರ್ಮನ್‌ನಲ್ಲಿಯೇ ನೋಡುತ್ತಾರೆ. ಅದರಿಂದ ಜರ್ಮನ್ ಭಾಷೆಗೆ ಕೇಡಾಯಿತೆಂದು ನಾನು ಕೇಳಿಲ್ಲ. ದಾವಣಗೆರೆಯ ಹುಡುಗನೊಬ್ಬ ತನ್ನ ಮೆಚ್ಚಿನ ಅನಿಮೆಯನ್ನು ನೋಡಲು ಹಿಂದಿಯನ್ನೋ ಇಂಗ್ಲಿಷನ್ನೋ ಆಶ್ರಯಿಸಬೇಕಾಗಿದೆ. ಅದರ ಕುರಿತು ಗೆಳೆಯನೊಂದಿಗೆ ವಾದಿಸಲು ಬೇಕಾದ ಪದಗಳೂ ಅವನಿಗೆ ಅದೇ ಭಾಷೆಯಲ್ಲಿ ಸಿಗುತ್ತವೆ. ಕನ್ನಡದಲ್ಲಿ ಮೆಚ್ಚುವ, ತಕರಾರು ಮಾಡುವ, ಬಿಡಿಸಿ ಹೇಳುವ ನುಡಿ ಹೀಗೆ ಒಂದು ತಲೆಮಾರಿನಲ್ಲಿ ಸೊರಗಿಬಿಡಬಹುದು. ಭಾಷೆಗೆ ಅಪಾಯವಿರುವುದು ಇಲ್ಲಿ. ಯಾವುದೋ ತಾಣದಲ್ಲಿ ಕನ್ನಡ ಸಿನಿಮಾವೊಂದರ ಅಂಕ ಎಂಟರಿಂದ ಏಳಕ್ಕೆ ಇಳಿಯುವುದರಲ್ಲಿ ಅಲ್ಲ.

ಆದ್ದರಿಂದ ನಮ್ಮ ಗುಂಪಿನ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಪ್ರದರ್ಶನಕ್ಕೂ ನಾನು ಬರುತ್ತೇನೆ, ಟಿಕೆಟ್ ಮಾರಲು ಕೈಜೋಡಿಸುತ್ತೇನೆ. ಸಿನಿಮಾ ಮುಗಿದ ಮೇಲೆ ಕೊಂಡಿ ಕಳಿಸುವ ಮೊದಲು ಚಿತ್ರಮಂದಿರದ ಹೊರಗೆ ಅರ್ಧ ಗಂಟೆ ನಿಲ್ಲೋಣ. ಯಾವ ದೃಶ್ಯ ಹಿಡಿಸಿತು, ಯಾವುದು ಹಿಡಿಸಲಿಲ್ಲ, ಏಕೆ ಎಂದು ಮಾತನಾಡೋಣ. ಮಕ್ಕಳೂ ಜೊತೆಗಿರಲಿ, ಒಂದು ಸಿನಿಮಾವನ್ನು ಕನ್ನಡದಲ್ಲಿ ಒಪ್ಪದಿರಲೂ ಸಾಧ್ಯವೆಂಬುದನ್ನು ಅವರು ಕೇಳಿಸಿಕೊಳ್ಳಲಿ. ಅಂದು ನಾನು ಕೇಳಿದ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ನಾಯಕಿ ಕಾಣೆಯಾದದ್ದು ಸರಿಯೆಂದು ಯಾರಾದರೂ ಕಾರಣ ಕೊಟ್ಟು ವಾದಿಸಿದರೆ ನನ್ನ ಮೂರು ಸಾಲುಗಳನ್ನು ತಿದ್ದಿಕೊಳ್ಳಲು ನಾನು ಸಿದ್ಧಳಿದ್ದೇನೆ.