ಹತ್ತಕ್ಕೆ ಆರು ಅಂಕ, ಯಾತಕ್ಕೆ ಆರು?

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಯಾವುದೇ ಪದವಿ ಕಾಲೇಜಿನ ಸ್ಟಾಫ್ ರೂಮಿಗೆ ಹೋದರೂ ಮೇಜಿನ ಮೇಲೆ ಅಸೈನ್‌ಮೆಂಟುಗಳ ಕಟ್ಟು ಕಾಣುತ್ತದೆ. ಮುಖಪುಟಕ್ಕೆ ಸ್ಕೆಚ್ ಪೆನ್ನಿನ ಬಾರ್ಡರು, ಒಳಗೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಮೇಷ್ಟ್ರು ಪುಟ ತಿರುವುತ್ತಾರೆ, ಅಲ್ಲಲ್ಲಿ ರೈಟ್ ಮಾರ್ಕ್ ಹಾಕುತ್ತಾರೆ, ಕೊನೆಯಲ್ಲಿ ಹತ್ತಕ್ಕೆ ಆರು ಎಂದು ಬರೆಯುತ್ತಾರೆ. ಅಂಕ ಪೋರ್ಟಲ್ಲಿಗೆ ಹೋಗುತ್ತದೆ, ಕಟ್ಟು ಬೀರುವಿಗೆ. ಬರೆದ ಹುಡುಗಿಗೆ ಆ ಆರು ಯಾಕೆ ಬಂತು, ಉಳಿದ ನಾಲ್ಕು ಎಲ್ಲಿ ಹೋಯಿತು ಎಂಬುದು ಕಡೆಗೂ ಗೊತ್ತಾಗುವುದಿಲ್ಲ. ಎಷ್ಟೋ ಸಲ ಅಂಕ ಕೊಟ್ಟವರಿಗೂ ಅದನ್ನು ಬಿಡಿಸಿ ಹೇಳುವುದು ಕಷ್ಟ.

ಈ ಕಷ್ಟ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿರುವ ಎಜುಕೇಶನಲ್ ಟೆಸ್ಟಿಂಗ್ ಸರ್ವೀಸ್ ಸಂಸ್ಥೆಯ ಪಾಲ್ ಡೀಡರಿಕ್ ಮತ್ತು ಅವರ ಸಹೋದ್ಯೋಗಿಗಳು 1961ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳು ಬರೆದ 300 ಪ್ರಬಂಧಗಳನ್ನು ಅವರು 53 ಜನರ ಕೈಗೆ ಕೊಟ್ಟಿದ್ದರು. ಇಂಗ್ಲಿಷ್ ಅಧ್ಯಾಪಕರು, ವಿಜ್ಞಾನ ಮತ್ತು ಸಮಾಜ ವಿಜ್ಞಾನದ ಅಧ್ಯಾಪಕರು, ಲೇಖಕರು ಮತ್ತು ಸಂಪಾದಕರು, ವಕೀಲರು, ವ್ಯಾಪಾರ ಕ್ಷೇತ್ರದವರು ಅವರಲ್ಲಿದ್ದರು. ಯಾವ ಮಾನದಂಡವನ್ನೂ ಹೇಳದೆ, ನಿಮಗೆ ತೋಚಿದಂತೆ ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಿ ಎಂದಷ್ಟೇ ಕೇಳಿದರು. 101 ಪ್ರಬಂಧಗಳಿಗೆ ಒಂದರಿಂದ ಒಂಬತ್ತರವರೆಗೆ ಎಲ್ಲ ದರ್ಜೆಗಳೂ ಬಂದವು. ಐದಕ್ಕಿಂತ ಕಡಿಮೆ ಬಗೆಯ ದರ್ಜೆ ಪಡೆದ ಪ್ರಬಂಧ ಒಂದೂ ಇರಲಿಲ್ಲ.

ಇಷ್ಟು ಕೇಳಿ ‘ಹಾಗಾದರೆ ಮೌಲ್ಯಮಾಪನವೆಂದರೆ ಬರೀ ಅದೃಷ್ಟ’ ಎಂದು ಕೈಚೆಲ್ಲುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಅಧ್ಯಯನದ ಮುಖ್ಯ ಭಾಗ ಇರುವುದು ಅದರ ಮುಂದೆ. ಓದುಗರ ಭಿನ್ನಾಭಿಪ್ರಾಯವನ್ನು ಜಾಲಾಡಿದಾಗ ಐದು ಬಗೆಯ ಓದು ಸಿಕ್ಕಿತು. ಕೆಲವರು ವಿಚಾರವನ್ನು ನೋಡುತ್ತಿದ್ದರು, ಕೆಲವರು ಕಾಗುಣಿತ, ವ್ಯಾಕರಣಗಳ ತಪ್ಪನ್ನು. ಇನ್ನು ಕೆಲವರ ಕಣ್ಣು ವಿಷಯದ ಜೋಡಣೆಯ ಮೇಲೆ, ಮತ್ತೆ ಕೆಲವರದು ಪದಗಳ ಆಯ್ಕೆಯ ಮೇಲೆ, ಉಳಿದವರದು ಬರೆದವರ ದನಿಯ ಮೇಲೆ. ಅಂದರೆ ಆ ಗೊಂದಲದ ಒಳಗೂ ಒಂದು ಕ್ರಮವಿತ್ತು. ತಾನು ಏನನ್ನು ನೋಡುತ್ತಿದ್ದೇನೆ ಎಂದು ಯಾರೂ ಇನ್ನೊಬ್ಬರಿಗೆ ಹೇಳಿರಲಿಲ್ಲ, ಅಷ್ಟೇ.

ನಮ್ಮಲ್ಲೂ ಹೇಳುವುದಿಲ್ಲ. ಹೇಳದೇ ಬಿಟ್ಟ ಜಾಗದಲ್ಲಿ ಎರಡು ಅಡ್ಡ ಮಾನದಂಡಗಳು ಬಂದು ಕೂತಿವೆ: ಪುಟದ ಸಂಖ್ಯೆ ಮತ್ತು ಅಕ್ಷರದ ಅಂದ. ಅಡಿಷನಲ್ ಶೀಟ್ ತೆಗೆದುಕೊಂಡರೆ ಅಂಕ ಜಾಸ್ತಿ ಎಂಬ ನಂಬಿಕೆ ಪಿಯುಸಿಯಿಂದಲೇ ಮಕ್ಕಳ ತಲೆಯಲ್ಲಿ ಕೂತಿರುತ್ತದೆ. ಆ ನಂಬಿಕೆ ಪೂರಾ ಸುಳ್ಳಾಗಿದ್ದರೆ ಇಷ್ಟು ವರ್ಷ ಬಾಳುತ್ತಿರಲಿಲ್ಲ.

ಎರಡು ಬರಹಗಳನ್ನು ಪಕ್ಕಪಕ್ಕ ಇಟ್ಟು ಯೋಚಿಸೋಣ. ವಿಷಯ, ಜಲ ಸಂರಕ್ಷಣೆ. ಮೊದಲನೆಯದು ‘ನೀರು ಸಕಲ ಜೀವರಾಶಿಗಳಿಗೂ ಆಧಾರ’ ಎಂದು ಶುರುವಾಗಿ, ಮಳೆಕೊಯ್ಲಿನ ನಾಲ್ಕು ಲಾಭಗಳನ್ನು ಹೇಳಿ, ‘ಆದ್ದರಿಂದ ನಾವೆಲ್ಲರೂ’ ಎಂದು ಮುಗಿಯುತ್ತದೆ. ಎಂಟು ಪುಟ, ಮುತ್ತಿನಂಥ ಅಕ್ಷರ, ಒಂದು ತಪ್ಪಿಲ್ಲ. ಎರಡನೆಯದು ಕೋಲಾರದ ಕಡೆಯ ಹುಡುಗಿಯದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಆ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆಯಲ್ಲ, ಅವಳು ಬರೆಯುವುದು ಅದನ್ನು. ನೀರು ಬಂದ ಮೇಲೆ ತಮ್ಮ ತೋಟದ ಬೋರ್‌ವೆಲ್ ಮತ್ತೆ ನೀರೆತ್ತಿತು, ಇದು ಒಳ್ಳೆಯದೇ ಎಂದು ಅಪ್ಪ ಹೇಳುತ್ತಾರೆ, ಆದರೂ ಅಜ್ಜಿ ಎಮ್ಮೆಗಳನ್ನು ಆ ಕೆರೆಗೆ ಇಳಿಯಗೊಡುವುದಿಲ್ಲ ಎನ್ನುತ್ತಾಳೆ. ಅಪ್ಪ ಹೇಳುವುದು ಸರಿಯೋ ಅಜ್ಜಿಯ ಅನುಮಾನ ಸರಿಯೋ ಎಂದು ಕೇಳಿ ನಿಲ್ಲಿಸುತ್ತಾಳೆ. ಮೂರೇ ಪುಟ. ಅಕಾರ ಹಕಾರ ಅದಲುಬದಲು, ಮಹಾಪ್ರಾಣಗಳು ಎಲ್ಲೆಲ್ಲೋ. ಉಪಸಂಹಾರ ಇಲ್ಲವೇ ಇಲ್ಲ.

ಈಗಿನ ರೂಢಿಯಲ್ಲಿ ಮೊದಲನೆಯದಕ್ಕೆ ಎಂಟು, ಎರಡನೆಯದಕ್ಕೆ ಐದು ಬೀಳುವುದು ಹೆಚ್ಚುಕಡಿಮೆ ಖಾತ್ರಿ. ನನ್ನ ಲೆಕ್ಕದಲ್ಲಿ ಎರಡನೆಯದೇ ಕಾಲೇಜು ಮಟ್ಟದ ಬರಹ. ಅಲ್ಲಿ ಒಬ್ಬಳು ಏನನ್ನೋ ಕಂಡಿದ್ದಾಳೆ, ಕಂಡದ್ದರೊಳಗೆ ಒಂದು ತೊಡಕಿದೆ ಎಂದು ಗುರುತಿಸಿದ್ದಾಳೆ. ಕಾಗುಣಿತ ಮುಖ್ಯವಲ್ಲವೆಂದು ನಾನು ಹೇಳುತ್ತಿಲ್ಲ, ಅದನ್ನು ತಿದ್ದಲೇಬೇಕು. ಆದರೆ ತಿದ್ದಲು ಮೊದಲು ಬರಹದಲ್ಲಿ ಏನಾದರೂ ಇರಬೇಕು. ಅವಳ ಹಾಳೆಯ ಅಂಚಿನಲ್ಲಿ ಬರೆಯುವುದಕ್ಕೆ ಎಷ್ಟೊಂದಿದೆ: ಬೋರ್‌ವೆಲ್ ನೀರನ್ನು ಯಾರಾದರೂ ಪರೀಕ್ಷೆ ಮಾಡಿದ್ದಾರಾ? ಪಂಚಾಯಿತಿಯಲ್ಲಿ ಕೇಳಿದೆಯಾ? ಪಕ್ಕದ ತೋಟದವರು ಏನನ್ನುತ್ತಾರೆ? ಮೊದಲನೆಯ ಬರಹದ ಅಂಚಿನಲ್ಲಿ ಬರೆಯಲು ಏನೂ ಇಲ್ಲ.

ಆ ಮೊದಲನೆಯ ಬಗೆಯ ಬರಹವನ್ನು ಈಗ ಚಾಟ್‌ಜಿಪಿಟಿ ಅರೆನಿಮಿಷದಲ್ಲಿ ಬರೆದುಕೊಡುತ್ತದೆ. ಯಂತ್ರ ಬರೆದದ್ದನ್ನು ಹಿಡಿಯಲು ಇನ್ನೊಂದು ಯಂತ್ರವನ್ನು ನಂಬುವುದೂ ದಾರಿಯಲ್ಲ. ಚಾಟ್‌ಜಿಪಿಟಿಯನ್ನು ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನದ ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅಜ್ಜಿ ಮತ್ತು ಎಮ್ಮೆಗಳಿಗೆ ಹೆಚ್ಚು ಅಂಕ ಸಿಗುತ್ತದೆಂದು ತರಗತಿಗೆ ಗೊತ್ತಾದರೆ ಮಕ್ಕಳು ತಮ್ಮೂರಿನ ಕಡೆ ನೋಡತೊಡಗುತ್ತಾರೆ ಎಂಬ ಭರವಸೆ ನನಗಿದೆ.

ಮೇಷ್ಟ್ರ ಹೊರೆ ಗೊತ್ತಿಲ್ಲದೆ ಇದನ್ನೆಲ್ಲ ಹೇಳುತ್ತಿಲ್ಲ. ಭಾಷಾ ತರಗತಿಗಳು ತುಂಬಿ ತುಳುಕುತ್ತವೆ, ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ನೂರಾರು ಬರಹಗಳನ್ನು ಹೀಗೆ ಓದಿ ಎಂದರೆ ಅನ್ಯಾಯವಾಗುತ್ತದೆ. ಅದಕ್ಕೇ ಬರಹಗಳ ಸಂಖ್ಯೆ ಇಳಿಯಬೇಕು. ಸೆಮಿಸ್ಟರಿಗೆ ಒಂದೇ ಅಸೈನ್‌ಮೆಂಟ್, ಮೂರೇ ಪುಟ, ವಿಷಯ ತಮ್ಮೂರಿನದು. ತಿದ್ದುವ ಮೊದಲು ವಿಭಾಗದವರೆಲ್ಲ ಒಂದು ಗಂಟೆ ಕೂತು ಅದೇ ಐದಾರು ಬರಹಗಳನ್ನು ಓದಿ, ಯಾರು ಯಾಕೆ ಎಷ್ಟು ಕೊಟ್ಟೆವೆಂದು ಮಾತಾಡಿಕೊಳ್ಳಲಿ. ದೊಡ್ಡ ಪರೀಕ್ಷೆಗಳ ಪ್ರಬಂಧ ಓದುವವರನ್ನು ಮಾದರಿ ಬರಹಗಳನ್ನು ಮುಂದಿಟ್ಟು ಹೀಗೆಯೇ ತಯಾರು ಮಾಡುತ್ತಾರೆ, ಅದರಿಂದ ಅಂಕಗಳ ಅಂತರ ತಗ್ಗುತ್ತದೆ. ಮೊದಲ ಪ್ರತಿಗೆ ಅಂಕವೇ ಬೇಡ, ಅಂಚಿನಲ್ಲಿ ಎರಡು ಪ್ರಶ್ನೆ ಬರೆದು ವಾಪಸ್ ಕೊಟ್ಟರೆ ಸಾಕು. ತಿದ್ದಿ ಬರೆದುಕೊಂಡು ಬಂದ ಪ್ರತಿಗೆ ಅಂಕ ಕೊಡಲಿ. ಇದಕ್ಕೆ ವಿಶ್ವವಿದ್ಯಾಲಯದ ಸುತ್ತೋಲೆಗೆ ಕಾಯಬೇಕಿಲ್ಲ, ಆಂತರಿಕ ಅಂಕ ಇರುವುದು ವಿಭಾಗದವರ ಕೈಯಲ್ಲೇ.