ದೆವ್ವದ ಎಡೆಯೂ ಊಟದ ಬಿಲ್ಲೂ

ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಜ್ಯಾಕ್ಸನ್ ಚೌಕದ ಮೂಲೆಯಲ್ಲಿ, ಚಾರ್ಟರ್ಸ್ ಬೀದಿಗೆ ಮುಖ ಮಾಡಿ ಮ್ಯೂರಿಯಲ್ಸ್ ಎಂಬ ರೆಸ್ಟೋರೆಂಟ್ ಇದೆ. ಎಷ್ಟೇ ಗಿರಾಕಿ ಇರಲಿ, ಅಲ್ಲಿ ಒಂದು ಮೇಜನ್ನು ಯಾರಿಗೂ ಕೊಡುವುದಿಲ್ಲ. ದಿನಾ ರಾತ್ರಿ ಅದರ ಮೇಲೆ ಬ್ರೆಡ್ಡು, ವೈನು ಇಟ್ಟಿರುತ್ತಾರೆ. ಇನ್ನೂರು ವರ್ಷದ ಹಿಂದೆ ಸತ್ತ ಮನೆಯೊಡೆಯನಿಗೆ ಅದು ಮೀಸಲು.

ಹ್ಯೂಸ್ಟನ್‌ನಲ್ಲಿರುವ ಮಗನ ಮನೆಯಿಂದ ಆರು ಗಂಟೆ ಕಾರಿನಲ್ಲಿ ಕೂತು ಬಂದ ನಾವು ಆ ಮೇಜಿನ ಮುಂದೆ ನಿಂತೆವು. ಮಗ ಫೋಟೊ ಹೊಡೆದ. ಸೊಸೆ ನಕ್ಕು, “ಮಾವ, ಇದೆಲ್ಲ ಗಿರಾಕಿ ಹಿಡಿಯೋ ಗಿಮಿಕ್ಕು” ಅಂದಳು. ಒಂಬತ್ತು ವರ್ಷದ ಮೊಮ್ಮಗಳು ಅವಳ ಕೈ ಬಿಡಲಿಲ್ಲ. ನನ್ನ ಹೆಂಡತಿ ಮಾತ್ರ ಸುಮ್ಮನೆ ನೋಡುತ್ತಿದ್ದವಳು, “ಪಕ್ಷಕ್ಕೆ ನಮ್ಮಪ್ಪನಿಗೆ ಎಡೆ ಹಾಕುವಾಗ ಬೀಡಿಕಟ್ಟು ಇಡ್ತೀವಲ್ಲ, ಹಂಗೇ ಇದೆ ಕಣ್ರೀ” ಅಂದಳು.

ಗಿಮಿಕ್ಕೋ, ಎಡೆಯೋ? ಜೋಳದ ನುಚ್ಚಿನಂಥ ಗ್ರಿಟ್ಸ್ ಮೇಲೆ ಹಾಕಿಕೊಟ್ಟ ಸೀಗಡಿ ತಿನ್ನುತ್ತಾ ನಾವು ಅವತ್ತು ರಾತ್ರಿ ಮಾತಾಡಿದ್ದೆಲ್ಲ ಅದೇ. ಊರಿಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಹೋಟೆಲಿನವರು ಹೇಳುವ ಕಥೆ ಹೀಗಿದೆ. 1788ರ ಮಾರ್ಚ್ 21, ಗುಡ್ ಫ್ರೈಡೇ ದಿನ ಊರಿಗೆ ಬೆಂಕಿ ಬಿದ್ದು 856 ಕಟ್ಟಡಗಳು ಸುಟ್ಟುಹೋದವು. ಆ ಬೆಂಕಿಗೆ ಸಿಕ್ಕಿದ ಈ ಮನೆಯನ್ನು ಪಿಯೆರ್ ಆಂಟ್ವಾನ್ ಲೆಪಾರ್ದಿ ಜೂರ್ಡಾನ್ ಎಂಬಾತ ಕೊಂಡು, ತನ್ನ ಕನಸಿನಂತೆ ಕಟ್ಟಿಸಿದ. 1814ರಲ್ಲಿ ಇಸ್ಪೀಟಿನ ಪೋಕರ್ ಆಟದಲ್ಲಿ ಅದೇ ಮನೆಯನ್ನು ಪಣಕ್ಕಿಟ್ಟು ಸೋತ. ಬಿಟ್ಟುಕೊಡುವ ಮೊದಲೇ ಮಹಡಿಯ ಮೇಲೆ ಪ್ರಾಣ ಕಳೆದುಕೊಂಡ. ಅವನು ಸತ್ತ ಜಾಗ ಅನ್ನುವ ಕೋಣೆಗೆ ಈಗ ‘ಸೆಯಾನ್ಸ್ ಲೌಂಜ್’ ಎಂದು ಹೆಸರು. ಸೆಯಾನ್ಸ್ ಅಂದರೆ ಸತ್ತವರನ್ನು ಕರೆದು ಮಾತಾಡಿಸುವ ಕೂಟ. ಕೆಂಪು ಬಟ್ಟೆ, ಮಬ್ಬು ದೀಪ. 2001ರಲ್ಲಿ ಹೋಟೆಲು ಶುರುವಾದ ಮೇಲೆ ಅಂಗಳದ ಬಾರಿನಿಂದ ಗಾಜಿನ ಲೋಟಗಳು ತಾವಾಗಿಯೇ ಹಾರಿ ಗೋಡೆಗೆ ಬಡಿದು ಒಡೆದಿವೆ ಎಂದೂ ಹೇಳುತ್ತಾರೆ.

ಮೊದಲು ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಆ ಬೆಂಕಿಯ ಇಸವಿ ನನ್ನ ಮೊಮ್ಮಗಳಿಗೆ ಇವತ್ತಿಗೂ ಬಾಯಿಪಾಠ. ಮಾರನೇ ದಿನ ಮ್ಯೂಸಿಯಂ ತುಂಬ ಸುತ್ತಿಸಿದರೂ ಬೇರೊಂದು ಇಸವಿ ಅವಳ ತಲೆಗೆ ಹೋಗಲಿಲ್ಲ. ಇತಿಹಾಸ ಮಕ್ಕಳ ಕಿವಿಗೆ ಬೀಳಬೇಕಾದರೆ ಕೆಲವು ಸಲ ದೆವ್ವವೇ ಹೇಳಬೇಕು. ಹಳೆಯ ಕಟ್ಟಡಕ್ಕೂ ಇದರಿಂದ ಲಾಭವಿದೆ. ಜನ ಓಡಾಡುವ, ದುಡ್ಡು ಹುಟ್ಟುವ ಮನೆ ಬೀಳುವುದಿಲ್ಲ. ಬೀಗ ಹಾಕಿದ ಮನೆ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಯಾರೂ ದೆವ್ವ ಬಿಡಿಸಲು ಹೊರಟಿಲ್ಲ. ಮನೆ ಕಳೆದುಕೊಂಡವನಿಗೆ ಮನೆಯಲ್ಲೊಂದು ಜಾಗ ಬಿಟ್ಟಿದ್ದಾರೆ. ಅದರಲ್ಲೊಂದು ಮರ್ಯಾದೆ ಇದೆ. ನಮ್ಮೂರಲ್ಲಿ ನೇಣು ಹಾಕಿಕೊಂಡವರ ಮನೆಗೆ ಅರ್ಧ ಬಾಡಿಗೆಗೂ ಯಾರೂ ಬರುವುದಿಲ್ಲ. ಸತ್ತವನ ಸಂಸಾರ ಊರು ಬಿಟ್ಟರೂ ಆ ಮಾತು ಮನೆಯನ್ನು ಬಿಡುವುದಿಲ್ಲ. ಹಾಗೆ ದೂರ ಇಡುವುದಕ್ಕಿಂತ, ಬಾ ಕೂತ್ಕೋ ಅನ್ನುವುದು ಮೇಲಲ್ಲವೇ?

ಇನ್ನು ಸೊಸೆಯ ವಾದ. ಅದೂ ಹಗುರವಾದದ್ದಲ್ಲ. ಮೊದಲನೆಯದಾಗಿ ಕಥೆಯೇ ಅಲ್ಲಾಡುತ್ತದೆ. ಪೋಕರ್ ಆಟದ ಬಗ್ಗೆ ಸಿಗುವ ಹಳೆಯ ಬರಹಗಳು 1820ರ ದಶಕದ ಕೊನೆಯಿಂದೀಚೆಗಿನ ಸಂಗತಿಗಳನ್ನು ಹೇಳುತ್ತವೆ. 1814ರಲ್ಲಿ ಅವನು ಸೋತಿದ್ದರೂ ಆಟದ ಹೆಸರು ಆಮೇಲೆ ಅಂಟಿಕೊಂಡಿರಬಹುದು. ಹೆಸರು ಅಂಟಿದ ಹಾಗೆ ಇನ್ನೇನೇನು ಅಂಟಿದೆಯೋ? ಎರಡನೆಯದು ಇನ್ನೂ ಚುಚ್ಚುತ್ತದೆ. ಒಬ್ಬ ಮನುಷ್ಯ ಪ್ರಾಣ ಕಳೆದುಕೊಂಡ ಜಾಗ ಇವತ್ತು ಕಾಕ್‌ಟೇಲ್ ಹಿಡಿದು ನಿಲ್ಲುವ ಕೋಣೆ. “ಅವನು ನಮ್ಮನೆಯವನೇ ಆಗಿದ್ದರೆ ಹೀಗೆ ಕೆಂಪು ಪರದೆ ಕಟ್ಟುತ್ತಿದ್ದೆವಾ?” ಎಂದು ಸೊಸೆ ಕೇಳಿದಾಗ ಮಗ ಫೋನು ಕೆಳಗಿಟ್ಟ. ಅಷ್ಟರಲ್ಲಿ ಮೊಮ್ಮಗಳು, “ತಾತ, ಅವನು ಹೇಗೆ ಸತ್ತ?” ಅಂದಳು. ತುಂಬ ಬೇಜಾರಾಗಿತ್ತಂತೆ, ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲವಂತೆ ಎಂದೆ. ಊಟದ ಮಧ್ಯೆ ಅಷ್ಟಕ್ಕಿಂತ ಹೆಚ್ಚು ಹೇಳಲು ಆಗಲಿಲ್ಲ.

ಭಯವೇ ಸುಳ್ಳು ಎಂದು ತಳ್ಳಿಹಾಕುವವರೂ ಸ್ವಲ್ಪ ತಡೆಯಬೇಕು. ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ತಂಡ ಲಂಡನ್ನಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲೂ ಎಡಿನ್‌ಬರೋದ ನೆಲಮಾಳಿಗೆಗಳಲ್ಲೂ ಜನರನ್ನು ಓಡಾಡಿಸಿ ನೋಡಿ, 2003ರಲ್ಲಿ ಫಲಿತಾಂಶ ಪ್ರಕಟಿಸಿತು. ದೆವ್ವವಿದೆ ಎಂದು ಹೆಸರಾದ ಜಾಗಗಳಲ್ಲೇ ಹೆಚ್ಚು ಜನರಿಗೆ ಚಳಿ, ಯಾರೋ ಇದ್ದಾರೆ ಅನ್ನುವ ಅನಿಸಿಕೆ ಆಗಿತ್ತು. ಸಂಶೋಧಕರು ಕಾರಣ ಹುಡುಕಿದ್ದು ಬೆಳಕು, ಕೋಣೆಯ ಅಳತೆಗಳಂಥ ಸಂಗತಿಗಳಲ್ಲಿ. ಅಂದರೆ ಮೈ ಜುಮ್ಮೆಂದದ್ದು ನಿಜ. ಜುಮ್ಮೆನ್ನಿಸಿದ್ದು ದೆವ್ವ ಅನ್ನುವುದಕ್ಕೆ ಆಧಾರವಿಲ್ಲ. ಸೆಯಾನ್ಸ್ ಲೌಂಜಿನಲ್ಲಿ ನನ್ನ ಕುತ್ತಿಗೆಯ ಹಿಂದೆಯೂ ತಣ್ಣಗೆ ಏನೋ ಹರಿಯಿತು. ತಲೆ ಎತ್ತಿದರೆ ಎ.ಸಿ. ಕಿಂಡಿ. ಮಗನಿಗೆ ಹೇಳಲಿಲ್ಲ.

ದೆವ್ವದ ಸುದ್ದಿ ಬೆಲೆ ಏರಿಸುತ್ತದೋ ಇಳಿಸುತ್ತದೋ ಅನ್ನುವ ಪ್ರಶ್ನೆ ಅಮೆರಿಕದಲ್ಲಿ ಕೋರ್ಟಿಗೂ ಹೋಗಿದೆ. ನ್ಯೂಯಾರ್ಕ್ ರಾಜ್ಯದ ನಯಾಕ್ ಊರಿನ ಒಂದು ಮನೆಯಲ್ಲಿ ದೆವ್ವಗಳಿವೆ ಎಂದು ಒಡತಿಯೇ ಪತ್ರಿಕೆಗಳಿಗೆ ಹೇಳಿಕೊಂಡಿದ್ದಳು. ಮಾರುವಾಗ ಮಾತ್ರ ಕೊಳ್ಳುವವನಿಗೆ ಅದು ಗೊತ್ತಿರಲಿಲ್ಲ. 1991ರಲ್ಲಿ ನ್ಯಾಯಾಲಯ ಕಾನೂನಿನ ಕಣ್ಣಿಗೆ ಆ ಮನೆಯಲ್ಲಿ ದೆವ್ವವಿದೆ ಎಂದೇ ತೀರ್ಮಾನಿಸಿ, ವ್ಯವಹಾರದಿಂದ ಹಿಂದೆ ಸರಿಯಲು ಅವನಿಗೆ ದಾರಿ ಮಾಡಿಕೊಟ್ಟಿತು. ದೆವ್ವ ಇದೆಯೋ ಇಲ್ಲವೋ ಅನ್ನುವುದು ಅಲ್ಲಿ ವಿಷಯವೇ ಅಲ್ಲ. ಲಾಭಕ್ಕೆ ಒಂದು ಕಥೆ ಹೇಳಿದ ಮೇಲೆ ಆ ಕಥೆಯ ಹೊಣೆಯನ್ನೂ ಹೊರಬೇಕು. ಹೋಟೆಲಿನ ಮೇಜನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು ಅಂತ ನನಗನ್ನಿಸಿತು.

ತೂಗಿದರೆ ಒಂದು ತಟ್ಟೆ ಖಾಲಿ. ನ್ಯೂ ಆರ್ಲಿಯನ್ಸ್ ಒಂದು ಕಾಲಕ್ಕೆ ಅಮೆರಿಕದ ಅತಿ ದೊಡ್ಡ ಗುಲಾಮರ ಸಂತೆ. ಇತಿಹಾಸಕಾರ್ತಿ ಟಾಯಾ ಮೈಲ್ಸ್ 2015ರ ತಮ್ಮ ಪುಸ್ತಕದಲ್ಲಿ ಆ ದಕ್ಷಿಣ ಸೀಮೆಯ ದೆವ್ವದ ಪ್ರವಾಸಗಳನ್ನು ಹಿಂಬಾಲಿಸಿ ನೋಡಿದ್ದಾರೆ. ಗುಲಾಮ ಹೆಂಗಸರ ಸಾವು ಅಲ್ಲೆಲ್ಲ ರೋಮಾಂಚನದ ಸರಕಾಗಿರುವುದು ಅವರ ಆಕ್ಷೇಪ. ಆ ಕಥೆಗಳಲ್ಲಿ ಬರುವ ಹೆಂಗಸರಲ್ಲಿ ಕೆಲವರು ಬದುಕಿದ್ದರು ಅನ್ನುವುದಕ್ಕೇ ದಾಖಲೆಯಿಲ್ಲ. ನಿಜವಾಗಿ ನರಳಿದವರಿಗೆ ಕಥೆಯೂ ಇಲ್ಲ, ಹೆಸರೂ ಇಲ್ಲ. ಜೂರ್ಡಾನನಿಗೆ ಮೇಜಾದರೂ ಸಿಕ್ಕಿತು.

ಹೆಂಡತಿಯ ಮಾತು ನನಗೆ ಅರ್ಥವಾದದ್ದು ಇಲ್ಲಿ. ನಮ್ಮ ಮನೆಯಲ್ಲಿ ಪಕ್ಷದ ಎಡೆ ಇಡುವಾಗ ಬಾಳೆಲೆಯ ಮೇಲೆ ಮುದ್ದೆ, ಬಾಡಿನ ಸಾರು, ಕಜ್ಜಾಯ ಬಡಿಸಿ, ತೀರಿಕೊಂಡವರ ಹೆಸರು ಒಂದೊಂದಾಗಿ ಹೇಳಿ ಕರೆಯುತ್ತೇವೆ. ಒಬ್ಬರ ಹೆಸರು ಬಿಟ್ಟುಹೋದರೂ ಅತ್ತೆ ಗದರುತ್ತಿದ್ದರು. ಹೆಸರು ಹಿಡಿದು ಕರೆದರೆ ಎಡೆ. ಇಲ್ಲದಿದ್ದರೆ ಅದು ಬರೀ ಊಟ. ಆ ಲೆಕ್ಕದಲ್ಲಿ ಮ್ಯೂರಿಯಲ್ಸ್‌ನ ಮೇಜನ್ನು ನಾನು ಎಡೆ ಅಂತಲೇ ಒಪ್ಪುತ್ತೇನೆ, ಮಹಡಿಯ ಕೆಂಪು ಕೋಣೆಯನ್ನು ಒಪ್ಪಲಾರೆ. ಮಕ್ಕಳನ್ನು ಕರೆದುಕೊಂಡು ಹೋಗಬಹುದೇ ಎಂದರೆ, ಧಾರಾಳವಾಗಿ. ಆದರೆ ಹೆಸರು ಹಿಡಿದು ಯಾರೂ ಕರೆಯದವರ ಜಾಗಕ್ಕೂ ಕರೆದೊಯ್ಯಬೇಕು.

ಮಾರನೇ ಬೆಳಿಗ್ಗೆ ಅದೇ ಚಾರ್ಟರ್ಸ್ ಬೀದಿ ಹಿಡಿದು ಎಸ್‌ಪ್ಲನೇಡ್ ರಸ್ತೆ ಸೇರುವವರೆಗೆ ನಡೆದೆವು. ಆ ಸುತ್ತಿನಲ್ಲಿ ಗುಲಾಮರನ್ನು ಕೂಡಿಹಾಕುವ ದೊಡ್ಡಿಗಳಿದ್ದವು. ಊರಿಗೆ 300 ವರ್ಷ ತುಂಬಿದ 2018ರಲ್ಲಿ ಆ ವ್ಯಾಪಾರದ ಜಾಗಗಳಿಗೆ ಫಲಕ ನೆಟ್ಟಿದ್ದಾರೆ. ಸ್ವತಂತ್ರನಾಗಿ ಹುಟ್ಟಿದ ಸಾಲೊಮನ್ ನಾರ್ಥಪ್‌ನನ್ನು ಅಪಹರಿಸಿ 1841ರಲ್ಲಿ ಮಾರಿದ್ದು ಈ ಊರಿನಲ್ಲೇ. ಮಾರುವ ಮೊದಲು ಅವನ ಹೆಸರನ್ನೂ ಕಿತ್ತುಕೊಂಡು ‘ಪ್ಲ್ಯಾಟ್’ ಎಂದು ಕೂಗಿದರು.

ಮೊಮ್ಮಗಳಿಗೆ ಇಷ್ಟು ಹೇಳಿದೆ. ಅವಳು ಫಲಕವನ್ನು ಓದಿ, ಸುತ್ತ ನೋಡಿ, “ಇಲ್ಲಿ ಇವರಿಗೆ ಬ್ರೆಡ್ ಇಟ್ಟಿಲ್ವಾ?” ಅಂದಳು. ಅವಳ ಅಜ್ಜಿ ಚೀಲದಿಂದ ನೀರಿನ ಬಾಟಲಿ ತೆಗೆದು, ಕಂಬದ ಬುಡಕ್ಕೆ ಒಂದಿಷ್ಟು ನೀರು ಬಿಟ್ಟಳು. “ಸಾಲೊಮನ್” ಅಂದಳು. ಮುಂದೆ ಹೇಳಲು ಹೆಸರು ಗೊತ್ತಿರಲಿಲ್ಲ.