ಒಮ್ಮೆ ಬರುವ, ಒಮ್ಮೆ ಬಾರದ ಅಕ್ಷರ



ಪೂರ್ತಿ ಕೆಟ್ಟುಹೋದ ವಸ್ತುವಿನಿಂದ ಅಷ್ಟೇನೂ ತೊಂದರೆಯಿಲ್ಲ. ರಿಪೇರಿಗೆ ಕೊಡುತ್ತೇವೆ, ಇಲ್ಲವೇ ಮೂಲೆಗೆ ಇಡುತ್ತೇವೆ. ನಮ್ಮನ್ನು ಸತಾಯಿಸುವುದು ಆಗಾಗ ಕೆಡುವ ವಸ್ತು. ಲ್ಯಾಪ್‌ಟಾಪ್‌ನ ಒಂದು ಕೀ ಬೆಳಿಗ್ಗೆ ಸರಿಯಾಗಿರುತ್ತದೆ, ಸಂಜೆ ಅಂಟಿಕೊಳ್ಳುತ್ತದೆ. ಒಮ್ಮೆ ಒತ್ತಿದರೆ ಅಕ್ಷರವೇ ಬಾರದು, ಇನ್ನೊಮ್ಮೆ ಒತ್ತಿದರೆ ನಾಲ್ಕು ಸಲ ಮೂಡುತ್ತದೆ. ಅಂಗಡಿಯವರ ಮುಂದೆ ಇಟ್ಟರೆ ಚೆನ್ನಾಗಿಯೇ ನಡೆಯುತ್ತದೆ, ಮನೆಗೆ ತಂದರೆ ಮತ್ತೆ ಅದೇ ಕಥೆ. ಕೊನೆಗೆ “ನೀನೇ ಏನೋ ಮಾಡಿರಬೇಕು” ಎಂಬ ಬೈಗುಳ ಮಗಳ ಪಾಲಿಗೆ ಬರುತ್ತದೆ.

ಇದು ಸಣ್ಣ ವಿಷಯವೆಂದು ತಳ್ಳಿಹಾಕಬೇಡಿ. 2020ರಲ್ಲಿ ಶಾಲೆ, ಕಾಲೇಜುಗಳು ಮುಚ್ಚಿ ಪಾಠವೇ ಮನೆಗೆ ಬಂದಿತು. ಇಂದು ವಿದ್ಯಾರ್ಥಿವೇತನದ ಅರ್ಜಿಯೂ ಕಾಲೇಜಿನ ಪ್ರವೇಶವೂ ಪರದೆಯ ಮೇಲೆಯೇ ನಡೆಯುತ್ತವೆ. ಅರ್ಜಿಯಲ್ಲಿರುವ ಹೆಸರು ಆಧಾರ್ ಕಾರ್ಡಿಗೂ ಅಂಕಪಟ್ಟಿಗೂ ಹೊಂದಬೇಕು. ಮಗಳ ಹೆಸರಿನಲ್ಲಿ ‘ಎ’ ಎಂಬ ಅಕ್ಷರ ಒಂದು ಸಲ ಹೆಚ್ಚು ಬಿದ್ದರೂ ಅರ್ಜಿ ತಿರಸ್ಕೃತವಾಗಬಹುದು. ಪಾಸ್‌ವರ್ಡ್ ಚುಕ್ಕಿಗಳಾಗಿ ಕಾಣುವುದರಿಂದ ಯಾವ ಅಕ್ಷರ ತಪ್ಪಿತೆಂದು ತಿಳಿಯುವುದಿಲ್ಲ. ಮತ್ತೆ ಮತ್ತೆ ತಪ್ಪಾದರೆ ಖಾತೆಯೇ ಲಾಕ್ ಆಗಬಹುದು. ಕೊನೆಯ ದಿನವಂತೂ ಇದು ಮಗುವಿನ ಒಂದು ವರ್ಷದ ಪ್ರಶ್ನೆ. ಆದುದರಿಂದ ಬೈಯುವ ಮೊದಲು, ಹಣ ಕೊಡುವ ಮೊದಲು, ದೋಷ ಎಲ್ಲಿದೆಯೆಂದು ನಾವೇ ಪರೀಕ್ಷಿಸೋಣ.

ಪ್ರತಿ ಕೀಯ ಕೆಳಗೆ ಕತ್ತರಿಯಂತೆ ಮಡಚುವ ಪುಟ್ಟ ಪ್ಲಾಸ್ಟಿಕ್ ಚೌಕಟ್ಟು, ಅದರ ನಡುವೆ ರಬ್ಬರಿನ ಗುಬ್ಬಿ, ಅಡಿಯಲ್ಲಿ ವಿದ್ಯುತ್ ಹರಿಯುವ ಗೆರೆಗಳಿರುವ ತೆಳು ಹಾಳೆ ಇರುತ್ತವೆ. ಒತ್ತಿದಾಗ ಗೆರೆಗಳು ಕೂಡುತ್ತವೆ, ಬಿಟ್ಟಾಗ ಬೇರ್ಪಡುತ್ತವೆ. ಒಂದು ಕಣ ಧೂಳು ಅಥವಾ ಒಂದು ಹನಿ ಸಕ್ಕರೆ ನೀರು ನಡುವೆ ಸೇರಿದರೆ ಈ ಆಟ ಕೆಡುತ್ತದೆ. ಧೂಳಿಗೆ ದೊಡ್ಡವರು, ಚಿಕ್ಕವರು ಎಂಬ ಭೇದವಿಲ್ಲ. ಆ್ಯಪಲ್ ಕಂಪೆನಿ 2015ರಿಂದ ತೆಳುವಾದ ಹೊಸ ವಿನ್ಯಾಸದ ಕೀಬೋರ್ಡ್ ಅಳವಡಿಸಿತು. ಅಕ್ಷರ ಬಾರದಿರುವುದು, ತಾನಾಗಿ ಮರುಕಳಿಸುವುದು, ಕೀ ಅಂಟುವುದು ಎಂಬ ದೂರುಗಳು ಹೆಚ್ಚಾದಾಗ 2018ರ ಜೂನ್‌ನಲ್ಲಿ ಉಚಿತ ದುರಸ್ತಿಯ ಯೋಜನೆ ಘೋಷಿಸಬೇಕಾಯಿತು.

ಹಾಗಿರುವಾಗ ನಮ್ಮ ಕಡೆಯ ಮನೆಗಳ ಪಾಡೇನು? ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಯಲ್ಲಿ ಗೂಡು ಬೇಯಿಸುವ ಹಬೆ. ಚನ್ನಪಟ್ಟಣದಲ್ಲಿ ಬೊಂಬೆ ತಿರುವುವ ಮನೆಯಲ್ಲಿ ಮರದ ಪುಡಿ. ಕನಕಪುರ, ಮಾಗಡಿ ಕಡೆ ಹುಳು ಸಾಕುವ ಮನೆಯಲ್ಲಿ ಸುಣ್ಣದ ಪುಡಿ. ಕೆಲಸ ನಡೆಯುವ ಕೋಣೆಯಲ್ಲೇ ಲ್ಯಾಪ್‌ಟಾಪ್ ತೆರೆದಿಟ್ಟರೆ ಇವೆಲ್ಲ ಕೀಗಳ ಸಂದಿಗೆ ಇಳಿಯುತ್ತವೆ. ಕೆಲಸ ಮುಗಿದೊಡನೆ ಮುಚ್ಚಿ, ಬಟ್ಟೆಯ ಚೀಲದೊಳಗೆ ಇಡುವುದೇ ಮೊದಲ ಔಷಧ.

ಈಗ ಪರೀಕ್ಷೆಗೆ ಬರೋಣ. ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ಕನ್ನಡ ಬರೆಯುವವರು ನಮ್ಮ ನಾಲ್ಕು ಊರುಗಳ ಹೆಸರನ್ನೇ ಹತ್ತು ಹತ್ತು ಸಲ ಬರೆದು ನೋಡಿ. ಕನಕಪುರಕ್ಕೆ ಶಿಫ್ಟ್ ಬೇಡ, ಒತ್ತಕ್ಷರವೂ ಇಲ್ಲ. ರಾಮನಗರ, ಮಾಗಡಿಗಳ ದೀರ್ಘಕ್ಕೆ ಶಿಫ್ಟ್ ಬೇಕು. ಚನ್ನಪಟ್ಟಣಕ್ಕೆ ಶಿಫ್ಟ್ ಜೊತೆಗೆ ಒತ್ತಕ್ಷರ ಕೂಡಿಸುವ ‘ಎಫ್’ ಕೂಡ ಬೇಕು. ಚನ್ನಪಟ್ಟಣ ‘ಚನನಪಟಟಣ’ ಆದರೆ ‘ಎಫ್’ ಕೀ ಮೇಲೆ ಸಂಶಯ ಪಡಿ. ‘ಚನ್ನಪಟ್ಟನ’ ಆದರೆ ಶಿಫ್ಟ್ ಮೇಲೆ. ಬಳಿಕ ಅದೇ ಕೀಯನ್ನು ಇಂಗ್ಲಿಷ್‌ನಲ್ಲಿ ಒತ್ತಿ. ಅಲ್ಲಿ ಯಾವಾಗಲೂ ಸರಿಯಿದ್ದು ಕನ್ನಡದಲ್ಲಿ ಮಾತ್ರ ತಪ್ಪಿದರೆ ದೋಷ ತಂತ್ರಾಂಶದಲ್ಲಿದೆ, ಕೀಯಲ್ಲಲ್ಲ.

ಎರಡನೆಯದು ಸೆಟ್ಟಿಂಗ್. ವಿಂಡೋಸ್‌ನಲ್ಲಿ ಶಿಫ್ಟ್ ಕೀಯನ್ನು ಐದು ಸಲ ಒತ್ತಿದರೆ ‘ಸ್ಟಿಕಿ ಕೀಸ್’, ಬಲಗಡೆಯ ಶಿಫ್ಟ್ ಅನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ‘ಫಿಲ್ಟರ್ ಕೀಸ್’ ಆರಂಭಿಸಲೇ ಎಂದು ಕೇಳುತ್ತದೆ. ಮಕ್ಕಳು ಆಟದ ಭರದಲ್ಲಿ ‘ಹೌದು’ ಎಂದುಬಿಡುತ್ತಾರೆ. ಫಿಲ್ಟರ್ ಕೀಸ್ ಇದ್ದರೆ ಬೇಗನೆ ಒತ್ತಿದ ಕೀಯನ್ನು ಯಂತ್ರ ಲೆಕ್ಕಕ್ಕೇ ತೆಗೆದುಕೊಳ್ಳದಿರಬಹುದು. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ಭಾಗದಲ್ಲಿ ಕೀಬೋರ್ಡ್ ತೆರೆದು ಎರಡನ್ನೂ ನಿಲ್ಲಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಮೂರನೆಯದು, ನೆರೆಮನೆಯಿಂದ ಒಂದು ಯುಎಸ್‌ಬಿ ಕೀಬೋರ್ಡ್ ಎರವಲು ತಂದು ಜೋಡಿಸಿ. ಅದರಲ್ಲಿ ಅಕ್ಷರ ಸರಿಯಾಗಿ ಬಂದರೆ ದೋಷ ಲ್ಯಾಪ್‌ಟಾಪ್‌ನ ಕೀಗಳಲ್ಲಿದೆ. ಯಾರೂ ಮುಟ್ಟದೆ ಅಕ್ಷರ ತಾನಾಗಿ ಓಡುತ್ತಿದ್ದರೆ ಅಲ್ಲೊಂದು ಕೀ ಕೆಳಗೇ ಸಿಕ್ಕಿಕೊಂಡಿರಬಹುದು. ಒಂದೇ ಕೀ ತಪ್ಪುತ್ತಿದ್ದರೆ ಸಾಮಾನ್ಯವಾಗಿ ಕೊಳೆ. ಹಲವು ಕೀಗಳು ಒಟ್ಟಿಗೇ ತಪ್ಪಿದರೆ ಒಳಗಿನ ಹಾಳೆ ಅಥವಾ ಪಟ್ಟಿಯಂಥ ತಂತಿಯ ದೋಷವಿರಬಹುದು, ಅದು ಮನೆಯ ಕೆಲಸವಲ್ಲ.

ಕೊಳೆಯಾದರೆ, ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ ಚಾರ್ಜರ್ ಕಳಚಿ. ಓರೆಯಾಗಿ ಹಿಡಿದು, ರಬ್ಬರ್ ಚೆಂಡಿನ ಬ್ಲೋವರ್‌ನಿಂದ ಸಂದಿಗೆ ಗಾಳಿ ಊದಿ. ಬಾಯಿಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಅಂಟಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತುಸುವೇ ತೇವಗೊಳಿಸಿದ ಹತ್ತಿಕಡ್ಡಿಯಿಂದ ಕೀಯ ಅಂಚನ್ನು ಒರೆಸಿ, ಪೂರ್ತಿ ಆರಲು ಬಿಡಿ. ಸ್ಯಾನಿಟೈಸರ್ ಬೇಡ, ಅನೇಕವುಗಳಲ್ಲಿ ಗ್ಲಿಸರಿನ್ ಇದ್ದು ಜಿಗುಟು ಉಳಿಯುತ್ತದೆ. ಅತ್ತರೂ ಬೇಡ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವ ಅಭ್ಯಾಸದಿಂದ ಇಲ್ಲಿಗೂ ಒಂದು ಹನಿ ಬಿಟ್ಟೀರಿ ಜೋಕೆ! ಎಣ್ಣೆಗೆ ಧೂಳು ಇನ್ನಷ್ಟು ಅಂಟುತ್ತದೆ. ಸ್ಪೇಸ್, ಎಂಟರ್, ಶಿಫ್ಟ್‌ನಂತಹ ಉದ್ದ ಕೀಗಳ ಅಡಿಯಲ್ಲಿ ತಂತಿ ಇರುವುದರಿಂದ ಅವುಗಳನ್ನು ಕಿತ್ತು ನೋಡಬೇಡಿ.

ಚಹಾ ಚೆಲ್ಲಿದರೆ ಕೂಡಲೇ ಆಫ್ ಮಾಡಿ, ಚಾರ್ಜರ್ ತೆಗೆದು, ಕೀಗಳು ಕೆಳಮುಖವಾಗುವಂತೆ ಕವುಚಿಡಿ. “ನಡೆಯುತ್ತಾ ನೋಡೋಣ” ಎಂದು ಆನ್ ಮಾಡಬೇಡಿ. ಒಳಗೆ ಇಳಿದಿದ್ದರೆ ಬಿಚ್ಚಿ ತೊಳೆಯಬಲ್ಲವರಿಗೇ ಕೊಡಬೇಕು. ನೀರು ಆರಿದರೂ ಸಕ್ಕರೆ ಆರುವುದಿಲ್ಲ. ಕೆಲವು ದಿನ ಕಳೆದು ಕೀ ಅಂಟಲು ಅದೇ ಕಾರಣ.

ಒಂದು ಎಚ್ಚರಿಕೆ. ಕೀಬೋರ್ಡಿನ ಮಧ್ಯಭಾಗ ಅಥವಾ ಬೆರಳಾಡಿಸುವ ಟಚ್‌ಪ್ಯಾಡ್ ಉಬ್ಬಿ ಬಂದಿದ್ದರೆ ಒಳಗೆ ಬ್ಯಾಟರಿ ಊದಿ ಕೀಗಳನ್ನು ತಳ್ಳುತ್ತಿರಬಹುದು. ಅದಕ್ಕೆ ಬೆಂಕಿ ಹತ್ತುವ ಅಪಾಯವಿದೆ. ಚಾರ್ಜ್ ಮಾಡಬೇಡಿ, ಒತ್ತಿ ಕೂರಿಸಬೇಡಿ, ಮಕ್ಕಳಿಂದ ದೂರವಿಟ್ಟು ತಿಳಿದವರಿಗೆ ತೋರಿಸಿ.

ಅರ್ಜಿಯ ಕೊನೆಯ ದಿನವೇ ಕೀ ಕೈಕೊಟ್ಟರೆ ಗಾಬರಿ ಬೇಡ. ವಿಂಡೋಸ್, ಕಂಟ್ರೋಲ್, ‘ಓ’ ಮೂರನ್ನೂ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆಯೇ ಕೀಬೋರ್ಡ್ ತೆರೆದುಕೊಳ್ಳುತ್ತದೆ. ಮೌಸ್‌ನಿಂದ ಒತ್ತಿ ಹೆಸರು, ಪಾಸ್‌ವರ್ಡ್ ತುಂಬಬಹುದು. ಪಾಸ್‌ವರ್ಡಿನ ಪಕ್ಕದಲ್ಲಿ ಕಣ್ಣಿನ ಚಿತ್ರವಿದ್ದರೆ ಒತ್ತಿ ಓದಿ ನೋಡಿ. ಸಲ್ಲಿಸುವ ಮೊದಲು ಹೆಸರನ್ನು ಒಂದೊಂದೇ ಅಕ್ಷರವಾಗಿ ಮಗಳಿಂದ ಗಟ್ಟಿಯಾಗಿ ಓದಿಸಿ.

ಕೊನೆಗೂ ಅಂಗಡಿಗೆ ಒಯ್ಯಲೇಬೇಕಾದರೆ, ಯಾವ ಕೀ, ಯಾವ ಹೊತ್ತಿನಲ್ಲಿ, ಹೇಗೆ ತಪ್ಪುತ್ತದೆಂದು ಚೀಟಿಯಲ್ಲಿ ಬರೆದು, ತಪ್ಪುವಾಗ ಮೊಬೈಲಿನಲ್ಲಿ ವಿಡಿಯೋ ತೆಗೆದುಕೊಂಡು ಹೋಗಿ. ಆಗ “ಸರಿಯಾಗಿಯೇ ಇದೆಯಲ್ಲ” ಎಂದು ಮರಳಿಸಲಾರರು. ಹಲವು ಮಾದರಿಗಳಲ್ಲಿ ಕೀಬೋರ್ಡನ್ನು ಮೇಲಿನ ಕವಚಕ್ಕೇ ಬಿಗಿದಿರುತ್ತಾರೆ. ಬದಲಿಸಲು ಒಟ್ಟು ಎಷ್ಟಾಗುತ್ತದೆಂದು ಮೊದಲೇ ಕೇಳಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು ಲ್ಯಾಪ್‌ಟಾಪ್ ಅಡಿಯಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಹೋದರೆ ತಪ್ಪು ಬಿಡಿಭಾಗ ಬರುವುದಿಲ್ಲ.

ಹೊರಗಿನವರ ಕೈಗೆ ಕೊಡುವ ಮುನ್ನ ಮನೆಯ ಹೆಣ್ಣುಮಕ್ಕಳ ಫೋಟೋ, ದಾಖಲೆಗಳನ್ನು ಪೆನ್‌ಡ್ರೈವ್‌ಗೆ ತೆಗೆದು, ಲ್ಯಾಪ್‌ಟಾಪ್‌ನಿಂದ ಅಳಿಸಿ, ಕಸದಬುಟ್ಟಿಯನ್ನೂ ಖಾಲಿ ಮಾಡಿ. ಕೀಬೋರ್ಡ್ ಪರೀಕ್ಷಿಸಲು ನಮ್ಮ ಪಾಸ್‌ವರ್ಡ್ ಬೇಕೆಂದರೆ ಬರೆದುಕೊಡಬೇಡಿ, ಎದುರಿಗೇ ನಿಂತು ನೀವೇ ತೆರೆದುಕೊಡಿ.

ಇಂದೇ ಬಿಡುವಾದಾಗ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ನಾಲ್ಕು ಊರಿನ ಹೆಸರು ಬರೆಯಿಸಿ ನೋಡಿ. ತಪ್ಪು ಅವಳದೋ ಯಂತ್ರದ್ದೋ ಎಂಬುದು ನಿಮ್ಮ ಕಣ್ಣೆದುರೇ ತಿಳಿಯುತ್ತದೆ.